ಹೊಂಗನೂರಿನಲ್ಲಿ ಹೆಬ್ಬೆಟ್ಟಿನ ಪರೀಕ್ಷೆ

ರೇಷ್ಮೆ ಸೀಮೆಯಲ್ಲಿ ಯಾರು ಬಂದರೂ ಹೊಂದಿಕೊಂಡು ಬಾಳುತ್ತಾರೆ ಎಂದು ನಮ್ಮವರು ಹೇಳಿಕೊಳ್ಳುವುದನ್ನು ನಾನು ನಂಬುವುದಿಲ್ಲ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಕಡಿಮೆ ಕೂಲಿಗೆ ಆಳು ಬೇಕಾದವರು. ಹೊರಗಿನವರೆಲ್ಲ ಬಾಂಗ್ಲಾದೇಶದಿಂದ ನುಸುಳಿ ಬಂದವರು ಎಂಬ ಫೋನಿನ ಸಂದೇಶಗಳನ್ನೂ ನಂಬುವುದಿಲ್ಲ. ಹೊಂಗನೂರಿನ ಸೋದರಮಾವ ಶಿವಣ್ಣ ಅಂಥದೇ ಒಂದನ್ನು ಕಳಿಸಿ, ತಮ್ಮ ಬಾಡಿಗೆ ಕೋಣೆಯಲ್ಲಿರುವ ಅಸ್ಸಾಮಿನ ಗಂಡ ಹೆಂಡತಿಯನ್ನು ಭಾನುವಾರ ಹೊರಗೆ ಕಳಿಸುತ್ತೇನೆ ಎಂದರು. ಶುಕ್ರವಾರ ಬೆಳಿಗ್ಗೆಯೇ ಮಾಗಡಿಯಿಂದ ಹೊರಟೆ.

ರಾಮನಗರದಲ್ಲಿ ಬಸ್ಸು ಬದಲಿಸಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಆಧಾರ್ ತೋರಿಸಬೇಕು. ನಾನು ಕಾರ್ಡ್ ತೆಗೆಯುವಷ್ಟರಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟಾಗಿತ್ತು. ಪಕ್ಕದಲ್ಲಿದ್ದ ಹಿಂದಿ ಮಾತಿನ ಹೆಂಗಸಿನ ಕಾರ್ಡನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿದ. ನಿಯಮ ಇಬ್ಬರಿಗೂ ಒಂದೇ ಅಲ್ಲವೇ ಎಂದೆ.

“ನಿಮ್ ಮಾತೇ ಕಾರ್ಡು ಕಣಕ್ಕ” ಎಂದು ಮುಂದೆ ಹೋದ.

ಚನ್ನಪಟ್ಟಣದಲ್ಲಿ ಇಡ್ಲಿ ತಿಂದು, ಹೊಂಗನೂರಿನ ಬಸ್ಸು ಹಿಡಿದು ಇಳಿದಾಗ ಬಿಸಿಲು ಏರಿತ್ತು. ಮಾವ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದರು. ಬಾಡಿಗೆಯ ಜಮಾಲ್ ಮೊನ್ನೆ ಕಂಪ್ಯೂಟರ್ ಅಂಗಡಿಯಲ್ಲಿ ಆಧಾರ್ ತಾಳೆ ನೋಡಲು ಹೆಬ್ಬೆಟ್ಟು ಒತ್ತಿದ್ದನಂತೆ. ಐದು ಸಲ ಒತ್ತಿದರೂ ಗುರುತು ಹತ್ತಲಿಲ್ಲವಂತೆ.

“ಕಾರ್ಡು ಯಾರ್ ಬೇಕಾದ್ರೂ ಮಾಡುಸ್ಕೊತಾರೆ. ಮಿಸಿನ್ ಸುಳ್ಳೇಳ್ತದಾ ಕಣಮ್ಮಿ?” ಎಂದರು.

ಜಮಾಲನನ್ನೂ ನಾನು ಸುಮ್ಮನೆ ನಂಬಲಿಲ್ಲ. ಕಾರ್ಡ್ ಇಸಿದುಕೊಂಡು ಜಿಲ್ಲೆ, ಅಂಚೆ, ಹತ್ತಿರದ ರೈಲು ನಿಲ್ದಾಣ ಎಂದು ಅಡ್ಡ ಪ್ರಶ್ನೆ ಹಾಕಿದೆ. ತಡವರಿಸದೆ ಹೇಳಿದ. ಬಾಯಿಪಾಠವೂ ಇರಬಹುದು. ಆಮೇಲೆ ಅವನ ಬೆರಳು ನೋಡಿದೆ. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ತೆಗೆದು ತೆಗೆದು ತುದಿಗಳೆಲ್ಲ ನುಣ್ಣಗಾಗಿದ್ದವು. ಗೆರೆಯೇ ಇರಲಿಲ್ಲ. ಅವನ ಹಿಂದೆ ಏಳು ತಿಂಗಳ ಬಸುರಿ ಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

ಅಷ್ಟರಲ್ಲಿ ಅಜ್ಜಿ, ಮಾವನ ತಾಯಿ, ಹೊರಗೆ ಬಂದು ಕೂತರು. ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಸೋಲುವವರೆಗೂ ಅದೇ ಬಿಸಿನೀರಿನ ಮುಂದೆ ಕೂತು ನೂಲು ತೆಗೆದವರು.

“ನಂದೂ ತಗಳಾಕಿಲ್ಲ ಬುಡವ್ವ. ರೇಷನ್ ಅಂಗ್ಡೀಲಿ ನಿಮ್ಮಾವ್ನೇ ಒತ್ಬುಟ್ಟು ನನ್ ಪಾಲಿನ ಅಕ್ಕಿ ತತ್ತಾನೆ” ಎಂದು ಹೆಬ್ಬೆಟ್ಟು ಎತ್ತಿ ತೋರಿಸಿದರು. ಜಮಾಲನದರಷ್ಟೇ ನುಣುಪು.

ಅದು ಬೇರೆ, ಇದು ಬೇರೆ ಎಂದರು ಮಾವ. ಹೇಗೆ ಬೇರೆ ಎಂದರೆ, ಮೊದಲು ಉಣ್ಣು ಎಂದರು. ಮುದ್ದೆ, ಬಸ್ಸಾರು ಚೆನ್ನಾಗಿಯೇ ಇತ್ತು. ಸಂಜೆ ಬಸ್ಸಿನವರೆಗೂ ಬಿಡಲು ಬಂದರು. ದಾರಿಯುದ್ದಕ್ಕೂ ಗೂಡಿನ ರೇಟಿನದೇ ಮಾತು. ಬಸ್ಸಿನ ಮೆಟ್ಟಿಲು ಹತ್ತಿ, ತಿರುಗಿ ಕೇಳಿದೆ:

“ಮಾವ, ಭಾನುವಾರ ಅಜ್ಜಿನೂ ಹೊರಡಬೇಕಾ?”