ಕೆಂಪು ಗೆರೆಯ ವಿದ್ಯೆ

ನಾನು ಚಿಕ್ಕವಳಿದ್ದಾಗ ಮಸ್ಕಿ ಕಡೆಯ ನಮ್ಮ ಊರಿನ ಹೈಸ್ಕೂಲಿನಲ್ಲಿ ಪುಸ್ತಕ ಓದುವ ರೂಢಿಯೇ ಇರಲಿಲ್ಲ. ಮಾಸ್ತರರು ಪರೀಕ್ಷೆಗೆ ಬರುವ ಸಾಲುಗಳ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದುಕೊಡುತ್ತಿದ್ದರು. ಮಕ್ಕಳು ಅಷ್ಟನ್ನು ಬಾಯಿಪಾಠ ಮಾಡಬೇಕು, ಉಳಿದದ್ದರ ಕಡೆ ಕಣ್ಣೂ ಹಾಯಿಸಬಾರದು. ಇದಕ್ಕೆ ಅವರು ವಿದ್ಯೆ ಎನ್ನುತ್ತಿದ್ದರು. ಥೂ!

ಆ ಗೆರೆಗಳನ್ನೇ ನುಂಗಿ ಅಕ್ಕ ಶಾಲೆಗೇ ಮೊದಲಿಗಳಾದಳು, ಲಿಂಗಸುಗೂರಿನಲ್ಲಿ ಕಾಲೇಜು ಸೇರಿದಳು. ಕಾಲುವೆಯ ತೂಬು ಕಾಯುತ್ತಿದ್ದ ಅಪ್ಪ ಒಂದೇ ಮಾತು ಹೇಳಿದ್ದ: "ಪಾಸಾದ್ರ ಕಾಲೇಜು. ಇಲ್ಲಂದ್ರ ಲಗ್ನ."

ಒಂದು ಶನಿವಾರ ಅಕ್ಕ ಕಾಲೇಜಿನ ದಪ್ಪ ಕಾದಂಬರಿಯೊಂದನ್ನು ಹಿಡಿದು ಹಾಸ್ಟೆಲ್ಲಿನಿಂದ ಅಳುಮುಖ ಮಾಡಿಕೊಂಡು ಊರಿಗೆ ಬಂದಳು. ಅದನ್ನು ಪೂರ್ತಿ ಓದಿ, ತನಗೆ ಅನಿಸಿದ್ದನ್ನು ಸೋಮವಾರದೊಳಗೆ ಬರೆದುಕೊಡಬೇಕಂತೆ. ಅದರ ಅಂಕ ಪರೀಕ್ಷೆಗೂ ಸೇರುತ್ತದಂತೆ. ಅಕ್ಕ ಹಾಳೆ ತಿರುವಿ ತಿರುವಿ ನೋಡಿದಳು. ಪಾಠದ ಕೊನೆಗೆ ಪ್ರಶ್ನೆಗಳಿಲ್ಲ, ಕೆಂಪು ಗೆರೆಯಂತೂ ಇಲ್ಲವೇ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಮಾಡಿದ್ದೇನು ಗೊತ್ತೇ? ಕಾಲೇಜಿನ ಆ ಪುಸ್ತಕಕ್ಕೆ ಗೆರೆ ಹಾಕಿಸಲು ಹೈಸ್ಕೂಲಿನ ಮಾಸ್ತರರ ಮನೆಗೇ ಹೊರಟಳು! ಬೆನ್ನಿಗೆ ನಾನೂ ಹೋದೆ. ಆ ಮಹಾನುಭಾವರು ಮೆಣಸಿನಕಾಯಿ ಬಜ್ಜಿ ನಂಚಿಕೊಂಡು ಮಂಡಾಳೊಗ್ಗರಣಿ, ಅಂದರೆ ಮಂಡಕ್ಕಿಯ ಒಗ್ಗರಣೆ, ತಿನ್ನುತ್ತಿದ್ದರು. ಎಣ್ಣೆಗೈಯಲ್ಲೇ ಪುಸ್ತಕ ತೆಗೆದುಕೊಂಡು, ಒಂದೊಂದು ಅಧ್ಯಾಯದ ಮೊದಲ ಸಾಲಿಗೊಂದು, ಕೊನೆಯ ಸಾಲಿಗೊಂದು ಗೆರೆ ಬರ್‍ರನೆ ಎಳೆಯತೊಡಗಿದರು. ಹಾಳೆಗೆಲ್ಲ ಕರಿದ ಮೆಣಸಿನಕಾಯಿಯ ವಾಸನೆ.

ನನಗೆ ತಡೆಯಲಾಗಲಿಲ್ಲ. "ಓದ್ಲಾರದನ ಗೆರಿ ಹೊಡ್ಯಾಕತ್ತೀರಲ್ರೀ ಸರ್?" ಎಂದುಬಿಟ್ಟೆ.

"ಇಪ್ಪತ್ತು ವರ್ಷ ಆತು ಗೆರಿ ಹೊಡ್ಯಾಕತ್ತು. ಓದಿ ಏನ್ ಮಾಡೂದೈತಿ? ಬಾಯಿ ಮುಚ್ಚು," ಎಂದು ಗದರಿದರು. ಅಕ್ಕ ನನ್ನ ತೊಡೆ ಚಿವುಟಿ, ಅವರ ಕಾಲಿಗೆ ಬಿದ್ದು ಬಂದಳು.

ಇಡೀ ದಿನ ಅಕ್ಕ ಆ ಗೆರೆಗಳನ್ನು ಉರುಹೊಡೆದಳು. ಸಂಜೆ ಅವನ್ನೇ ಒಂದರ ಕೆಳಗೊಂದು ಚೆಂದಗೆ ಬರೆದಳು, ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಕಾಲೇಜಿನ ಮೇಷ್ಟ್ರು ಆ ಹಾಳೆಯ ಕೆಳಗೆ ಒಂದೇ ಸಾಲು ಬರೆದು ಹಿಂದಿರುಗಿಸಿದರು: "ಇದೆಲ್ಲ ಪುಸ್ತಕದಲ್ಲೇ ಇದೆ. ಇದರಲ್ಲಿ ನೀನೆಲ್ಲಿದ್ದೀ?"

ಅಕ್ಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಶಾಲೆಯ ಹತ್ತು ವರ್ಷದಲ್ಲಿ ಯಾರಾದರೂ ಕೇಳಿದ್ದರೆ ತಾನೇ? ಆ ವರ್ಷ ನಪಾಸಾದಳು. ಅಪ್ಪ ಹೋಗಿ ಅವಳ ಟ್ರಂಕು ತಂದ. ಬೇಸಿಗೆಯಲ್ಲಿ ಲಗ್ನವಾಗಿ ಗೊರೇಬಾಳಕ್ಕೆ ಹೋದಳು. ಗೆರೆ ಹೊಡೆದ ಆ ಪುಣ್ಯಾತ್ಮರು ಲಗ್ನಕ್ಕೆ ಬಂದು ಅಕ್ಷತೆ ಹಾಕಿ, ಹೋಳಿಗೆ ತಿಂದು, "ಭಾಳ ಶಾಣ್ಯಾ ಹುಡುಗಿ," ಎಂದು ಹೊಗಳಿ ಹೋದರು.

ಈಗ ನಿಮ್ಮ ಕಾಲ, ಮಕ್ಕಳೇ. ಸಿಂಧನೂರಿನ ಸರ್ಕಲ್ಲಿನಲ್ಲಿ ನಿಮ್ಮಂಥವರ ಮುಖ, ಅದರ ಪಕ್ಕ ಅಂಕ, ದೊಡ್ಡ ದೊಡ್ಡ ಫ್ಲೆಕ್ಸು. ನಿಮಗೆ ಮಾಸ್ತರರ ಮನೆಗೆ ಹೋಗುವ ತ್ರಾಸೂ ಇಲ್ಲ, ಕೇಳಿದ್ದಕ್ಕೆ ಫೋನೇ ನಾಲ್ಕು ಸಾಲು ಉಗುಳುತ್ತದೆ. ಮೊನ್ನೆ ಮೊಮ್ಮಗಳನ್ನು ಕೇಳಿದೆ, ಒಂದಾದರೂ ಪುಸ್ತಕ ಮೊದಲಿನಿಂದ ಕೊನೆಯ ತನಕ ಓದಿದ್ದೀಯಾ ಅಂತ. "ಅದು ಪರೀಕ್ಷಾಕ್ಕ ಬರಂಗಿಲ್ಲಬೇ ಅಜ್ಜಿ," ಎಂದಳು, ನನ್ನನ್ನೇ ದಡ್ಡಿಯೆಂಬಂತೆ ನೋಡಿ.

ಇದೇ ಜೂನಿಗೆ ಅವಳೂ ಕಾಲೇಜಿಗೆ ಹೊರಟಿದ್ದಾಳೆ. ನನ್ನ ಅಕ್ಕ ದಡ್ಡಿಯಾಗಿರಲಿಲ್ಲ, ಮಕ್ಕಳೇ. ಓದಲು ಕಲಿಸದೆಯೇ ಅವಳನ್ನು ಪಾಸು ಮಾಡಿ ಕಳಿಸಿದ್ದರು.