ಗಂಡನಿಗಿಂತ ಎತ್ತರದವಳು

ಹೈಸ್ಕೂಲು ಮುಗಿಸುವ ಹೊತ್ತಿಗೆ ನಾನು ಅಪ್ಪನ ತಲೆಯನ್ನೂ ದಾಟಿ ಬೆಳೆದಿದ್ದೆ. ವಡಗಾವಿಯ ನಮ್ಮ ಓಣಿಯಲ್ಲಿ, ಎರಡೂ ಬದಿಯ ಮಗ್ಗಗಳ ಸದ್ದನ್ನು ಮೀರಿಸಿ ಅವ್ವ ಹಿಂದಿನಿಂದ ಕೂಗುತ್ತಿದ್ದಳು: "ಸ್ವಲ್ಪ ಬಗ್ಗಿ ನಡಿ. ನಾಳಿ ನಿನಗ ಗಂಡು ಎಲ್ಲಿಂದ ತರೂದು?" ಬಗ್ಗಿ ಬಗ್ಗಿ, ಕಾಲೇಜು ಮುಗಿಯುವಷ್ಟರಲ್ಲಿ ಬೆನ್ನುನೋವು ಅಂಟಿಕೊಂಡಿತ್ತು. ನನ್ನನ್ನು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಕೊನೆಗೆ ಹುಡುಗನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆಮೇಲೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಪಠ್ಯದಲ್ಲಿ ಸಂಗಾತಿಯ ಆಯ್ಕೆಯ ಬಗ್ಗೆ ಒಂದು ಅಧ್ಯಾಯವಿತ್ತು. ಹೆಣ್ಣು ತನಗಿಂತ ಎತ್ತರದ ಗಂಡನ್ನು ಬಯಸುವುದೇ ಹೆಚ್ಚು. ಮನುಷ್ಯ ಕಾಡಿನಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ಎತ್ತರವೆಂದರೆ ಬಲ, ಬಲವೆಂದರೆ ರಕ್ಷಣೆ. ಆ ಒಲವೇ ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದಿರಬಹುದು ಎಂಬ ವಿವರಣೆ. ಅದನ್ನು ನಾನು ಪ್ರಾಮಾಣಿಕವಾಗಿಯೇ ಪಾಠ ಮಾಡುತ್ತಿದ್ದೆ. ಸುಳ್ಳೆನ್ನಲು ನನ್ನ ಬಳಿ ಆಧಾರವೇನೂ ಇರಲಿಲ್ಲ.

ಒಮ್ಮೆ ಪರೀಕ್ಷೆಯ ಭಯದ ಬಗ್ಗೆ ಮಕ್ಕಳೊಂದಿಗೆ ಮಾತನಾಡಲು ಖಾನಾಪುರದ ಒಂದು ಶಾಲೆಗೆ ಕರೆದಿದ್ದರು. ವೇದಿಕೆಯ ಮೈಕು ನನ್ನ ಎದೆಯ ಮಟ್ಟಕ್ಕಿತ್ತು. ಅಭ್ಯಾಸದಂತೆ ಬಗ್ಗಿದೆ. ಅಲ್ಲಿನ ಗಣಿತದ ಮಾಸ್ತರರು ಎದ್ದು ಬಂದು, "ನೀವು ಬಗ್ಗಬ್ಯಾಡ್ರಿ ಮೇಡಂ, ಇದನ್ನ ಮ್ಯಾಲ ಮಾಡತೀನಿ" ಎಂದು ಸ್ಟ್ಯಾಂಡಿನ ತಿರುಪು ಸಡಿಲಿಸಿ ಮೈಕನ್ನು ಏರಿಸಿದರು. ಅದು ನನ್ನ ಬಾಯಿಯ ಮಟ್ಟಕ್ಕೆ ಬಂತೇ ಎಂದು ನೋಡಲು ಅವರು ಹಿಮ್ಮಡಿ ಎತ್ತಿ ನಿಲ್ಲಬೇಕಾಯಿತು. ಅವರ ತಲೆ ನನ್ನ ಗದ್ದದ ಮಟ್ಟಕ್ಕೆ ಬರುತ್ತಿತ್ತು.

ರೂಪ ನೋಡಲಿಲ್ಲ, ಗುಣ ನೋಡಿದೆ ಎಂದರೆ ಜನ ಮೆಚ್ಚುತ್ತಾರೆ. ನಾನು ರೂಪವನ್ನೂ ನೋಡಿದೆ. ಮಡಚಿದ ಅಂಗಿತೋಳಿನ ಕೆಳಗಿನ ಗಟ್ಟಿ ಮುಂಗೈ, ಬಿಸಿಲಿಗೆ ಕಂದಿದ ಕತ್ತು, ನಕ್ಕಾಗ ಕಾಣುವ ಸೊಟ್ಟ ಹಲ್ಲು. ಭಾಷಣ ಮುಗಿಯುವವರೆಗೂ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು.

ಕೆಲವು ಫೋನ್ ಕರೆಗಳ ನಂತರ, ಶನಿವಾರದ ಮಧ್ಯಾಹ್ನಗಳಲ್ಲಿ ಅವರು ಖಾನಾಪುರದಿಂದ, ನಾನು ಬೆಳಗಾವಿಯಿಂದ ಬಸ್ಸು ಹಿಡಿದು ನಡುವಿನ ಪೀರನವಾಡಿಯಲ್ಲಿ ಇಳಿಯತೊಡಗಿದೆವು. ಅಲ್ಲಿನ ಚಹಾದಂಗಡಿಯ ಬೆಂಚಿನ ಮೇಲೆ ನಾನೇ ಕೇಳಿದೆ: "ಲಗ್ನ ಆಗೂಣೇನ್ರಿ?"

"ನಿಮ್ಮ ಮನ್ಯಾಗ ಒಪ್ಪತಾರೇನ್ರಿ? ನಾ ಗಿಡ್ಡ ಅದೀನಿ."

"ನನಗ ಕಾಣತೈತ್ರಿ."

ಇಬ್ಬರೂ ನಕ್ಕೆವು. "ಹಂಗಾದ್ರ ಆಗೂಣ್ರಿ" ಎಂದರು.

ಅವರ ಮನೆಮಾತು ಮರಾಠಿ ಎಂಬುದಕ್ಕೆ ನಮ್ಮ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಅವ್ವನ ಸಂಕಟವೆಲ್ಲ ಎತ್ತರದ್ದೇ. "ಜೋಡಿ ಚಂದ ಕಾಣಂಗಿಲ್ಲ. ಮಂದಿ ನಗತಾರ."

"ನಕ್ಕು ಅವರವರ ಮನಿಗೆ ಹೋಗತಾರ. ಬಾಳೇ ಮಾಡಾಕಿ ನಾ" ಎಂದೆ.

ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಪಾಠವನ್ನೇ ನನಗೆ ತಿರುಗಿಸಿದರು. "ಕಲಿಸೋರ ಹಿಂಗ ಮಾಡಿದ್ರ ಹೆಂಗ್ರಿ ಮೇಡಂ? ಇದು ನಿಸರ್ಗಕ್ಕ ವಿರುದ್ಧ ಅಲ್ಲೇನ್ರಿ?" ಸಕ್ಕರೆ ಕಾಯಿಲೆಯಿದ್ದ ಅವರ ಕೈಯಲ್ಲಿ ಸಪ್ಪೆ ಚಹಾ ಇತ್ತು.

"ಸಿಹಿ ಬೇಕನ್ನೂದೂ ನಿಸರ್ಗಾನ ಕೊಟ್ಟೈತ್ರಿ ಸರ್. ನೀವು ಸಕ್ರಿ ಬಿಟ್ಟೀರಲ್ಲ?"

ನಿಜ ಹೇಳಬೇಕೆಂದರೆ ನಾನು ಬಿಟ್ಟದ್ದೇನೂ ಇರಲಿಲ್ಲ, ಬೇಕೆನಿಸಿದವರನ್ನೇ ಬಯಸಿದ್ದೆ. ಬಹಳ ಮಂದಿ ಎಂಥವರನ್ನು ಬಯಸುತ್ತಾರೆಂದು ಪುಸ್ತಕ ಹೇಳಬಹುದು. ನಾನು ಯಾರನ್ನು ಬಯಸಬೇಕೆಂದು ಅದು ಹೇಳಲಾರದು.

ಲಗ್ನಕ್ಕೆ ಮುಂಚೆ ಪೇಟೆಗೆ ಹೋಗಿ ಎತ್ತರ ಹಿಮ್ಮಡಿಯ ಚಪ್ಪಲಿ ಕೊಂಡೆ, ಜೀವನದಲ್ಲಿ ಮೊದಲ ಸಲ. ಆರತಕ್ಷತೆಯಲ್ಲಿ ಫೋಟೋ ತೆಗೆಯುವವನು ಒಂದು ಮಣೆ ತಂದು ಅವರ ಕಾಲ ಬಳಿ ಇಟ್ಟ. "ಇದರ ಮ್ಯಾಲ ನಿಂದರ್ರಿ ಸರ್, ಫೋಟೋದಾಗ ಗೊತ್ತಾಗಂಗಿಲ್ಲ." ಎದುರಿನ ಸಾಲಿನಿಂದ ಅವ್ವ ಹ್ಞೂಂ ಎನ್ನುವಂತೆ ತಲೆಯಾಡಿಸುತ್ತಿದ್ದಳು. ಅವರ ಕಿವಿ ಕೆಂಪಾಯಿತು. ನೊಂದರೆಂದು ನನಗೆ ತಿಳಿಯಿತು.

ಮಣೆ ಎತ್ತಿ ಅವನ ಕೈಗೇ ಕೊಟ್ಟೆ. "ಗೊತ್ತಾಗಲಿ, ತಗೀರಿ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಬೆನ್ನು ನೆಟ್ಟಗೆ ಮಾಡಿ ನಿಂತೆ.

ಆ ಫೋಟೋ ಬಹಳ ದಿನ ಅವ್ವನ ಕಪಾಟಿನೊಳಗಿತ್ತು. ಈಗ ಪಡಸಾಲೆಯ ಗೋಡೆಯ ಮೇಲಿದೆ. ಯಾಕೆ ಹೊರಬಂತೆಂದು ನಾನು ಕೇಳಿಲ್ಲ.

ಹೋದ ತಿಂಗಳು ಖಾನಾಪುರದ ಬಸ್ಸಿನಲ್ಲಿ ಒಬ್ಬ ಅಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ತಮ್ಮ ಏನವಾ?" ಎಂದಳು.

"ಗಂಡ ರೀ" ಎಂದೆ, ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ.

ಅಜ್ಜಿ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು ಜಾಗ ಮಾಡಿದಳು. ನಾನು ಕುಳಿತೆ. ಅವರು ನನ್ನ ಭುಜ ಹಿಡಿದು ನಿಂತರು.