ಸೊನ್ನೆಗೆ ಬಾರದ ತಿರುಪು

ಮೃಗಾಲಯದಲ್ಲಿ ಎಲ್ಲರೂ ಅವಳನ್ನು ಗುರಿಯಕ್ಕ ಎನ್ನುತ್ತಿದ್ದರು. ಕೆರಳಿದ ಪ್ರಾಣಿಗೆ ದೂರದಿಂದಲೇ ಬಂದೂಕಿನಲ್ಲಿ ಮತ್ತಿನ ಸೂಜಿ ಹೊಡೆಯುವುದು ಅವಳ ಕೆಲಸ. ಅವಳ ಬಾಯಿಗೆ ಹೆದರದಿದ್ದದ್ದು ಅಲ್ಲಿ ಹುಲಿಯೊಂದೇ. ಗುರಿಯಲ್ಲಿ ಮಾತ್ರ ಎತ್ತಿದ ಕೈ.

ಹೊಸಬರು ಬಂದರೆ ಬಂದೂಕಿನ ದುರ್ಬೀನು ತೋರಿಸಿ ಪಾಠ ಶುರು. "ಒಳಗೆ ಅಡ್ಡಗೆರೆ, ಉದ್ದಗೆರೆ ಕಾಣುತ್ತಲ್ಲ, ಅವು ಕೂಡೋ ಕಡೆ ಗುರಿ ಇಡ್ಬೇಕು. ಸೂಜಿ ಭಾರ, ದೂರ ಹೋದಷ್ಟೂ ಕೆಳಗೆ ಬೀಳುತ್ತೆ. ಅದಕ್ಕೇ ಮೇಲಿನ ಈ ತಿರುಪು. ಒಂದೊಂದು ಟಿಕ್‌ಗೂ ಏಟು ಒಂಚೂರು ಮೇಲಕ್ಕೇರುತ್ತೆ. ಹೊಡೆದ ಮೇಲೆ ಸೊನ್ನೆಗೆ ತರದೆ ಊಟಕ್ಕೆ ಹೋದ್ರೋ, ಕಿವಿ ಹಿಂಡ್ತೀನಿ!"

ಅಂದು ಬೆಳಗ್ಗೆ ಕಂದಕದಾಚೆಯ ಕಡವೆಗಾಗಿ ತಿರುಪನ್ನು ಬಹಳ ಮೇಲೇರಿಸಿದ್ದಳು. ಸೂಜಿ ನಾಟಿ ಕಡವೆ ಮಲಗಿತು. ಅಷ್ಟರಲ್ಲಿ ಅಲ್ಲೇ ಕರಡಿ ನೋಡಿಕೊಳ್ಳುವ ಅವಳ ಒಡಹುಟ್ಟಿದ ತಮ್ಮ ಕೂಗಿದ: "ಅಕ್ಕಾ, ಚಹಾ ಆರ್ತಾ ಇದೆ, ಬಾರೇ!" ಖಾಲಿ ಬಂದೂಕನ್ನು ಗೋಡೆಗೆ ಒರಗಿಸಿ ನಗುತ್ತ ಹೋದಳು.

ಲೋಟ ಕೆಳಗಿಟ್ಟು ತಮ್ಮ ಕರಡಿಯ ಅಂಗಳ ಗುಡಿಸಲು ಹೋದ. ಕರಡಿಯನ್ನು ಕೂಡಿಹಾಕಿದ್ದ ಒಳಬಾಗಿಲ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಕಿರುಚಾಟ ಕೇಳಿ ಅವಳು ಬಂದೂಕು ಹಿಡಿದು ಓಡಿ ಬಂದಾಗ ಕರಡಿ ಅವನನ್ನು ಕೆಡವಿ ಬಲಗೈ ಕಚ್ಚಿಕೊಂಡಿತ್ತು.

"ಅಕ್ಕಾ, ಹೊಡಿಯೇ!"

ಸೂಜಿ ತುಂಬಿ, ಕರಡಿಯ ಭುಜಕ್ಕೆ ಗುರಿಯಿಟ್ಟು ಹೊಡೆದಳು. ಸೂಜಿ ಅದರ ಬೆನ್ನಿನ ಮೇಲಿಂದ ಹಾರಿ ಗೋಡೆಗೆ ಬಡಿಯಿತು. ಹೇಗೆ ತಪ್ಪಿತು? ತಿರುಪಿನತ್ತ ಕಣ್ಣು ಹೋಯಿತು, ಅದಿನ್ನೂ ಕಡವೆಯ ದೂರಕ್ಕೇ ಇತ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಹಿಂದಕ್ಕೆ ತಿರುಗಿಸಲು ಹೋದರೆ ಬೆವೆತ ಬೆರಳು ಜಾರುತ್ತಿತ್ತು. ಒಂದೊಂದು ಟಿಕ್‌ನ ನಡುವೆಯೂ ತಮ್ಮನ ಕೂಗು.

ಎರಡನೆಯ ಸೂಜಿ ನಾಟಿತು. ಆದರೆ ಮತ್ತು ಏರಲು ಹೊತ್ತು ಬೇಕಲ್ಲ! ಜೊತೆಯವರು ನೀರು ಎರಚಿದರು, ತಗಡು ಬಡಿದರು, ಕರಡಿ ಬಿಡಲಿಲ್ಲ. ಅವಳು ಕಂಬಿ ಹಿಡಿದು, "ಇನ್ನೊಂಚೂರು ತಡ್ಕೋ ಕಣೋ, ನನ್ನಪ್ಪ" ಎಂದು ಗೋಗರೆಯುತ್ತಿದ್ದಳು. ಕರಡಿ ಮಲಗುವ ಹೊತ್ತಿಗೆ ಅವನು ಕೂಗುವುದನ್ನು ನಿಲ್ಲಿಸಿದ್ದ.

ಜೀವ ಉಳಿಯಿತು, ಕೈ ಉಳಿಯಲಿಲ್ಲ. ಆಸ್ಪತ್ರೆಗೆ ಬಂದವರೆಲ್ಲ ಅವಳನ್ನು ಹೊಗಳುವವರೇ. ಅವರು ಹೋದ ಮೇಲೆ ತಮ್ಮ ಮೆಲ್ಲಗೆ ಕೇಳಿದ: "ಮೊದಲನೇ ಸೂಜಿ ಗಾಳಿಗೆ ತಪ್ಪಿಹೋಯ್ತಲ್ವೇನೇ ಅಕ್ಕಾ?"

ಹೌದು ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಒಡಹುಟ್ಟಿದವನ ಮುಂದೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ. ಅವನ ಉಳಿದ ಕೈಯನ್ನು ಹಿಡಿದುಕೊಂಡಳು.

"ಗಾಳಿ ಇರ್ಲಿಲ್ಲ ಕಣೋ. ನೀನು ಚಹಾಕ್ಕೆ ಕರೆದಾಗ, ನಾನು ತಿರುಪನ್ನ ಸೊನ್ನೆಗೆ ತಂದಿರ್ಲಿಲ್ಲ."

ಅವನು ಮುಖವನ್ನು ಸೂರಿನತ್ತ ತಿರುಗಿಸಿದ. ಆಮೇಲೆ ಆ ಕೈಯನ್ನು ಹಿಂದಕ್ಕೆಳೆದುಕೊಂಡ.